ಹೆಣ್ಣು ಜರ್ಬಿಲ್‌ಗೆ ಹೊಸ ಜೊತೆ: ನಡುವೆ ಜಾಲರಿ ಏಕೆ ಬೇಕು

ಎಳ್ಳು ಸತ್ತ ಆರನೆಯ ದಿನಕ್ಕೆ ನಾವು ಸಾಸಿವೆಯನ್ನು ಮನೆಗೆ ತಂದೆವು. ಎಳ್ಳು, ಗಸಗಸೆ ನಮ್ಮ ಮನೆಯ ಜರ್ಬಿಲ್‌ಗಳು, ಇಲಿಯಂಥ ಪುಟ್ಟ ಸಾಕುಪ್ರಾಣಿಗಳು, ಒಂದೇ ಸೂಲಿನ ಅಕ್ಕತಂಗಿಯರು. ಒಂದೂವರೆ ವರ್ಷ ಒಬ್ಬರ ಮೇಲೊಬ್ಬರು ಬಿದ್ದು ಮಲಗಿದವರು. ಎಳ್ಳು ಹೋದ ಮೇಲೆ ಗಸಗಸೆ ಹುಲ್ಲಿನ ಗೂಡಿನಿಂದ ಆಚೆ ಬರುವುದನ್ನೇ ಕಡಿಮೆ ಮಾಡಿದ್ದಳು, ಕುಂಬಳ ಬೀಜ ಹಿಡಿದು ಕರೆದರೂ ಬರುತ್ತಿರಲಿಲ್ಲ. ಅದನ್ನು ನೋಡಲಾಗದೆ ಮಗಳು ಅಳುತ್ತಿದ್ದಳು. ಅಂಗಡಿಯಲ್ಲಿ ಕೇಳಿದರೆ, "ಇದೂ ಹೆಣ್ಣೇ, ವಯಸ್ಸೂ ಹತ್ತಿರ ಹತ್ತಿರ. ತೊಟ್ಟಿ ಚೆನ್ನಾಗಿ ತೊಳೆದು ಒಟ್ಟಿಗೆ ಬಿಡಿ, ಹೊಂದಿಕೊಳ್ಳುತ್ತವೆ" ಎಂದರು. ಹಾಗೆಯೇ ಮಾಡಿದೆವು.

ಮೊದಲ 20 ನಿಮಿಷ ಏನೂ ಆಗಲಿಲ್ಲ. ಮೂಗಿಗೆ ಮೂಗು ತಾಗಿಸಿದರು, ಬಾಲದ ಬುಡ ಮೂಸಿದರು, ಒಬ್ಬಳು ಈ ಮೂಲೆಗೆ, ಇನ್ನೊಬ್ಬಳು ಆ ಮೂಲೆಗೆ ಹೋದರು, ಮತ್ತೆ ಹತ್ತಿರ ಬಂದು ಒಬ್ಬರಿಗೊಬ್ಬರು ಒತ್ತಿ ಸುಮ್ಮನೆ ನಿಂತರು. ಗೆದ್ದೆವು ಅಂದುಕೊಂಡು ಟೀ ಮಾಡಲು ಎದ್ದೆ. ಅಡುಗೆಮನೆಗೆ ಕೇಳಿಸಿದ್ದು ಗಾಜಿಗೆ ಏನೋ ದಬದಬ ಬಡಿಯುವ ಸದ್ದು. ಬಂದು ನೋಡಿದರೆ ಇಬ್ಬರೂ ಕಚ್ಚಿಕೊಂಡು ಒಂದೇ ಉಂಡೆಯಾಗಿ ತೊಟ್ಟಿಯ ತುಂಬ ಉರುಳುತ್ತಿದ್ದರು. ಯಾವ ಕಾಲು ಯಾರದ್ದು ಎಂದು ತಿಳಿಯುವಂತಿರಲಿಲ್ಲ. ಬಿಡಿಸುವಷ್ಟರಲ್ಲಿ ಸಾಸಿವೆಯ ಹಿಂಭಾಗದಲ್ಲಿ ಎರಡು ಆಳವಾದ ಗಾಯ, ಬಿಳಿ ಕಾಗದದ ಹಾಸಿನ ಮೇಲೆ ರಕ್ತದ ಚುಕ್ಕೆಗಳು.

ಆ ಸಂಜೆ ಆದದ್ದು ಏಕೆ ಆಯಿತು ಎಂದು ಅರ್ಥವಾಗಲು ನನಗೆ ಹಲವು ವಾರ ಬೇಕಾಯಿತು. ನಾವು ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದೇವೆ. ಇಲ್ಲಿ ನಮ್ಮಂತೆ ಮಕ್ಕಳ ಒತ್ತಾಯಕ್ಕೆ ಜರ್ಬಿಲ್ ತಂದ ಕನ್ನಡದ ಮನೆಗಳು ಬೇರೆಯೂ ಇವೆ. ಎರಡರಲ್ಲಿ ಒಂದು ಸತ್ತಾಗ ಎಲ್ಲರೂ ಇದೇ ಪ್ರಶ್ನೆಯ ಮುಂದೆ ಬಂದು ನಿಲ್ಲುತ್ತಾರೆ. ನಮ್ಮ ತಪ್ಪು ಇನ್ನೊಂದು ಮನೆಯಲ್ಲಿ ಆಗದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಸಾಕುವ ಜರ್ಬಿಲ್ ಮಂಗೋಲಿಯಾ ಮತ್ತು ಉತ್ತರ ಚೀನಾದ ಒಣ ಹುಲ್ಲುಗಾವಲಿನ ಪ್ರಾಣಿ. 1866ರಲ್ಲಿ ಅರ್ಮಾಂ ಡೇವಿಡ್ ಎಂಬ ಫ್ರೆಂಚ್ ಪಾದ್ರಿ ಇದರ ಮಾದರಿಗಳನ್ನು ಪ್ಯಾರಿಸ್ಸಿನ ಸಂಗ್ರಹಾಲಯಕ್ಕೆ ಕಳಿಸಿದರು. ಮರುವರ್ಷ ಪ್ರಾಣಿಶಾಸ್ತ್ರಜ್ಞ ಮಿಲ್ನ್-ಎಡ್ವರ್ಡ್ಸ್ ಅದಕ್ಕೆ ವೈಜ್ಞಾನಿಕ ಹೆಸರು ಕೊಟ್ಟರು. ಈಗ ಬಳಕೆಯಲ್ಲಿರುವ ಹೆಸರು ಮೆರಿಯೊನೀಸ್ ಅಂಗ್ವಿಕ್ಯುಲೇಟಸ್. ಅದರ ಮೊದಲ ಭಾಗ ತೊಡೆ ಎಂಬ ಅರ್ಥದ ಗ್ರೀಕ್ ಪದದಿಂದ ಬಂದದ್ದು, ಎರಡನೆಯದು ಉಗುರಿಗೆ ಸಂಬಂಧಿಸಿದ್ದು. 1935ರಲ್ಲಿ ಅಮೂರ್ ನದಿಯ ಜಲಾನಯನದಲ್ಲಿ ಹಿಡಿದ 20 ಜೋಡಿಗಳನ್ನು ಸಂಶೋಧನೆಗೆಂದು ಜಪಾನಿಗೆ ಒಯ್ದರು. ಅವುಗಳ ಸಂತತಿಯಲ್ಲಿ 11 ಜೋಡಿ 1954ರಲ್ಲಿ ಅಮೆರಿಕಕ್ಕೆ ಹೋದವು, ಅಲ್ಲಿಂದ 1964ರಲ್ಲಿ ಬ್ರಿಟನ್ನಿಗೆ ಬಂದವು. ಅಂದರೆ ಮನುಷ್ಯರ ಮನೆಯಲ್ಲಿ ಇವುಗಳ ಬದುಕಿಗೆ ನೂರು ವರ್ಷವೂ ಆಗಿಲ್ಲ. ನಾಯಿ, ಬೆಕ್ಕಿನ ಹಾಗೆ ಇವುಗಳ ಸ್ವಭಾವ ನಮ್ಮ ಅನುಕೂಲಕ್ಕೆ ತಕ್ಕಂತೆ ಬದಲಾಗಿಲ್ಲ. ಗಾಜಿನ ತೊಟ್ಟಿಯೊಳಗೂ ಅದು ಹುಲ್ಲುಗಾವಲಿನದೇ. (ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮವರಿಗೆ ಒಂದು ಮಾತು: ತಪ್ಪಿಸಿಕೊಂಡು ಕಾಡು ಸೇರಿದರೆ ಅಲ್ಲಿಯ ಹವೆಯಲ್ಲಿ ಬೆಳೆದುಬಿಡುತ್ತವೆ ಎಂಬ ಭಯದಿಂದ ಆ ರಾಜ್ಯದಲ್ಲಿ ಜರ್ಬಿಲ್ ಸಾಕುವುದಕ್ಕೆ ನಿಷೇಧವಿದೆ. ಹವಾಯಿಯಲ್ಲೂ ಹಾಗೆಯೇ.)

ಹುಲ್ಲುಗಾವಲಿನಲ್ಲಿ ಇವು ಕುಟುಂಬವಾಗಿ ಬದುಕುತ್ತವೆ. ಒಂದು ಗಂಡು, ಒಂದು ಹೆಣ್ಣು, ಅವುಗಳ ಹಲವು ಸೂಲಿನ ಮಕ್ಕಳು, ಎಲ್ಲಕ್ಕೂ ಸೇರಿ ಒಂದು ಬಿಲ. ಬಿಲದ ಸುತ್ತಲಿನ ನೆಲವನ್ನು ಕುಟುಂಬ ಕಾಯುತ್ತದೆ, ಚಳಿಗಾಲಕ್ಕೆ ಬೀಜ ಕೂಡಿಡುತ್ತದೆ. ಪರಕೀಯ ಜರ್ಬಿಲ್ ಗಡಿಯೊಳಗೆ ಕಾಲಿಟ್ಟರೆ ಅಟ್ಟುತ್ತದೆ. ಆ ಪರಕೀಯನಿಗೆ ಓಡಿಹೋಗಲು ಬಯಲಿದೆ, ಆದ್ದರಿಂದ ಜಗಳ ಬೇಗ ಮುಗಿಯುತ್ತದೆ. ಗಾಜಿನ ತೊಟ್ಟಿಯಲ್ಲಿ ಓಡಲು ಜಾಗವಿಲ್ಲ. ಅಟ್ಟುವವಳು ಅಟ್ಟುತ್ತಲೇ ಇರುತ್ತಾಳೆ, ಸೋತವಳು ಮತ್ತೆ ಮತ್ತೆ ಅವಳ ಕಣ್ಣಿಗೇ ಬೀಳುತ್ತಾಳೆ. ಹೀಗಾಗಿಯೇ ಪಂಜರದ ಜಗಳ ಸಾವಿನವರೆಗೆ ಹೋಗುತ್ತದೆ.

ಹೆಣ್ಣುಗಳ ವಿಷಯದಲ್ಲಿ ಇದು ಇನ್ನೂ ಬಿಗಿ. ಒಂದು ಕುಟುಂಬದಲ್ಲಿ ಸಾಮಾನ್ಯವಾಗಿ ಮರಿ ಹಾಕುವುದು ಒಂದೇ ಹೆಣ್ಣು. ತಾಯಿ ಗಟ್ಟಿಯಾಗಿ ಇರುವಷ್ಟು ದಿನ ಹೆಣ್ಣುಮಕ್ಕಳು ಬೆದೆಗೆ ಬರುವುದೇ ತಡೆದುಹೋಗುತ್ತದೆ. ಬೆಳೆದ ಹೆಣ್ಣಿಗೆ ಇನ್ನೊಂದು ಬೆಳೆದ ಹೆಣ್ಣು ಎಂದರೆ ಅವಳ ಸ್ಥಾನಕ್ಕೆ ಬಂದವಳು. ಅಕ್ಕತಂಗಿಯರು ಹೊಂದಿಕೊಂಡಿರುವುದು ಅವರು ಒಂದೇ ಗೂಡಿನವರು ಎಂಬ ಕಾರಣಕ್ಕೆ. "ಹೆಣ್ಣುಹೆಣ್ಣು ಜಗಳವಾಡುವುದಿಲ್ಲ" ಎಂಬ ಲೆಕ್ಕ ಇಲ್ಲಿ ತಲೆಕೆಳಗು. ಅನುಭವಸ್ಥರು ಹೇಳುವಂತೆ ಒಂಟಿ ಗಂಡಿಗೆ ಜೊತೆ ಮಾಡುವುದು ಇದಕ್ಕಿಂತ ಸುಲಭ.

ಹಾಗಾದರೆ ತನ್ನ ಗೂಡಿನವಳು ಎಂದು ಅದಕ್ಕೆ ಗೊತ್ತಾಗುವುದು ಹೇಗೆ? ವಾಸನೆಯಿಂದ. ಜರ್ಬಿಲ್ ಅನ್ನು ಅಂಗೈಯಲ್ಲಿ ಮಗುಚಿ ನೋಡಿದರೆ ಹೊಟ್ಟೆಯ ನಡುವೆ ಕೂದಲಿಲ್ಲದ, ತುಸು ಹಳದಿಯಾದ ಉದ್ದನೆಯ ಪಟ್ಟಿಯೊಂದು ಕಾಣುತ್ತದೆ. ಅದು ವಾಸನೆಯ ಗ್ರಂಥಿ, ಗಂಡಿನಲ್ಲಿ ದೊಡ್ಡದು, ಹೆಣ್ಣಿನಲ್ಲಿ ಚಿಕ್ಕದು. ಕಲ್ಲು, ಕಡ್ಡಿ, ಬಟ್ಟಲು ಯಾವುದರ ಮೇಲೆ ಹಾದುಹೋದರೂ ಹೊಟ್ಟೆ ತಗ್ಗಿಸಿ ಅದನ್ನು ಉಜ್ಜಿ ಹೋಗುತ್ತವೆ. ಒಂದನ್ನೊಂದು ನೆಕ್ಕುವಾಗ ಜೊಲ್ಲು, ಕಣ್ಣಿನ ಹಿಂದಿನ ಗ್ರಂಥಿಯ ಸ್ರಾವ ಎಲ್ಲ ಬೆರೆತು ಇಡೀ ಗೂಡಿಗೆ ಒಂದೇ ವಾಸನೆ ಬರುತ್ತದೆ. ಆ ವಾಸನೆ ಇದ್ದವಳು ಮನೆಯವಳು, ಇಲ್ಲದವಳು ಶತ್ರು. ಹೆಚ್ಚು ದಿನ ಬೇರೆ ಇಟ್ಟರೆ ಒಡಹುಟ್ಟಿದವರೇ ಒಬ್ಬರಿಗೊಬ್ಬರು ಪರಕೀಯರಾಗುತ್ತಾರೆ. ಒಂದನ್ನು ಪಶುವೈದ್ಯರ ಬಳಿ ಕೆಲವು ದಿನ ಬಿಟ್ಟು ಬಂದು, ವಾಪಸು ತಂದು ನೇರವಾಗಿ ಗೂಡಿಗೆ ಹಾಕಿ ಜಗಳವಾದ ಮನೆಗಳಿವೆ. ತೊಟ್ಟಿಯನ್ನು ತೊಳೆದು ಇಬ್ಬರನ್ನೂ ಬಿಟ್ಟೆವಲ್ಲ, ಅದರಿಂದ ಆದದ್ದು ಇಷ್ಟೇ: ಗಸಗಸೆಗೆ ತನ್ನ ಮನೆಯ ವಾಸನೆಯೂ ಇಲ್ಲವಾಯಿತು, ಎದುರಿಗೆ ಪರಕೀಯಳೂ ಬಂದಳು.

ಇದು ನನಗೆ ನಿಜವಾಗಿ ಅರ್ಥವಾದದ್ದು ಅಪ್ಪನ ಜೇನುಪೆಟ್ಟಿಗೆ ನೆನಪಾದಾಗ. ಶಿರಸಿಯ ಮನೆಯಲ್ಲಿ ರಾಣಿ ಕಳೆದುಕೊಂಡ ಜೇನು ಕುಟುಂಬವನ್ನು ಇನ್ನೊಂದರ ಜೊತೆ ಕೂಡಿಸುವಾಗ ಅಪ್ಪ ಎರಡು ಪೆಟ್ಟಿಗೆಗಳ ನಡುವೆ ಒಂದು ಹಾಳೆ ಪೇಪರ್ ಇಟ್ಟು, ಅದಕ್ಕೆ ಸೂಜಿಯಿಂದ ಸಣ್ಣ ಸಣ್ಣ ತೂತು ಮಾಡುತ್ತಿದ್ದರು. ನೇರವಾಗಿ ಸುರಿದರೆ ಕಚ್ಚಾಡಿ ಸಾಯುತ್ತವೆ. ಹಾಳೆಯಿದ್ದರೆ ಎರಡೂ ಕಡೆಯ ಹುಳಗಳು ಅದನ್ನು ಕಡಿಯುತ್ತ ಕೂರುತ್ತವೆ. ದಾರಿ ತೆರೆಯುವ ಹೊತ್ತಿಗೆ ಎರಡೂ ಪೆಟ್ಟಿಗೆಯ ವಾಸನೆ ಒಂದಾಗಿರುತ್ತದೆ. ಜರ್ಬಿಲ್‌ಗೂ ಮಾಡಬೇಕಾದ್ದು ಇದನ್ನೇ, ಆದರೆ ಕಾಗದದ ಬದಲು ಕಬ್ಬಿಣದ ಜಾಲರಿ, ಮತ್ತು ಹಾಳೆಯನ್ನು ಯಾವಾಗ ತೆಗೆಯಬೇಕೆಂದು ಅವುಗಳ ಬದಲು ನಾವು ನಿರ್ಧರಿಸಬೇಕು. ಕಷ್ಟವಿರುವುದು ಅಲ್ಲೇ.

ಮೊದಲು ಯಾರನ್ನು ತರಬೇಕು ಎನ್ನುವುದು. ಬೆಳೆದ ಹೆಣ್ಣಿಗೆ ಬೆಳೆದ ಹೆಣ್ಣನ್ನು ಕೂಡಿಸುವುದು ಎಲ್ಲಕ್ಕಿಂತ ಕಷ್ಟದ ಆಯ್ಕೆ. ಗೆದ್ದವರಿದ್ದಾರೆ, ಆದರೆ ಮೊದಲ ಸಲದವರಿಗೆ ನಾನು ಅದನ್ನು ಹೇಳಲಾರೆ. ತಾಯಿ ಹಾಲು ಬಿಟ್ಟ, ಆರರಿಂದ ಎಂಟು ವಾರದ ಹೆಣ್ಣು ಮರಿ ಹೆಚ್ಚು ಸುರಕ್ಷಿತ. ಅದರ ವಾಸನೆ ಇನ್ನೂ ಮರಿಯದು, ಸ್ಥಾನಕ್ಕೆ ಬಂದವಳೆಂದು ದೊಡ್ಡವಳಿಗೆ ಅನಿಸುವುದು ಕಡಿಮೆ. ಹಾಗೆಂದು ಜಾಲರಿ ಇಲ್ಲದೆ ಬಿಡಬಾರದು, ಮರಿಯನ್ನೂ ಕೊಂದ ಹೆಣ್ಣುಗಳಿವೆ. ಒಂದರ ಬದಲು ಎರಡು ಮರಿ ತಂದರೆ ಒಳ್ಳೆಯದಲ್ಲವೇ ಎಂದು ಮಗಳು ಕೇಳಿದ್ದಳು. ಮೂರು ಹೆಣ್ಣುಗಳ ಗುಂಪು ಮರಿಗಳು ಪ್ರಾಯಕ್ಕೆ ಬರುತ್ತಿದ್ದಂತೆ ಒಡೆಯುವ ಸಂಭವ ಹೆಚ್ಚು. ಎರಡೇ ಇರಲಿ. ಈಗಾಗಲೇ ಹೊಂದಿಕೊಂಡಿರುವ ಜೋಡಿಗೆ ಮೂರನೆಯದನ್ನು ಸೇರಿಸಲೇಬೇಡಿ.

ಇನ್ನೊಂದು ದಾರಿ ಬೀಜ ತೆಗೆಸಿದ ಗಂಡು. ಹೆಣ್ಣಿಗೂ ಗಂಡಿಗೂ ಬೇಗ ಹೊಂದುತ್ತದೆ. ಆದರೆ ಶಸ್ತ್ರಚಿಕಿತ್ಸೆಯಾದ ಮೇಲೂ ಕೆಲವು ವಾರ ಅದು ಗರ್ಭ ಕಟ್ಟಿಸಬಲ್ಲದು, ಪಶುವೈದ್ಯರು ಹೇಳಿದಷ್ಟು ಕಾಲ ಕಾಯಲೇಬೇಕು. ಇಷ್ಟು ಸಣ್ಣ ಪ್ರಾಣಿಗೆ ಅರಿವಳಿಕೆ ಕೊಡುವುದರಲ್ಲೂ ಅಪಾಯವಿದೆ. ಹಾಗಾಗಿ ಹೊಸದಾಗಿ ಶಸ್ತ್ರಚಿಕಿತ್ಸೆ ಮಾಡಿಸುವುದಕ್ಕಿಂತ ಈಗಾಗಲೇ ಆಗಿರುವ ಗಂಡು ಸಿಕ್ಕರೆ ಮೇಲು. ಬೀಜ ತೆಗೆಸದ ಗಂಡಂತೂ ಬೇಡ. ಗರ್ಭಕಾಲ ಸುಮಾರು 25 ದಿನ, ಮರಿ ಹಾಕಿದ ಬೆನ್ನಿಗೇ ಮತ್ತೆ ಗರ್ಭ ಕಟ್ಟುತ್ತದೆ. ಅಂಗಡಿಯಲ್ಲಿ ಹೆಣ್ಣೆಂದು ಕೊಟ್ಟದ್ದು ಗಂಡಾಗಿರುವುದು ಅಪರೂಪವಲ್ಲ, ತಂದ ದಿನವೇ ತಿಳಿದವರಿಂದ ನೋಡಿಸಿ. ತಂದದ್ದನ್ನು ಎರಡು ವಾರ ಬೇರೆ ಕೋಣೆಯಲ್ಲಿಡಿ. ಟೈಜರ್ ಕಾಯಿಲೆ ಎಂಬ ಭೇದಿ ರೋಗಕ್ಕೆ ಜರ್ಬಿಲ್‌ಗಳು ಬೇಗ ಬಲಿಯಾಗುತ್ತವೆ. ಹೊಸದರ ಜೊತೆ ಅದೂ ಮನೆಗೆ ಬರಬಾರದು.

ಇನ್ನು ಜಾಲರಿ. ಸುಮಾರು 50 ಸೆಂಟಿಮೀಟರ್ ಉದ್ದ, 25 ಅಗಲದ ಗಾಜಿನ ತೊಟ್ಟಿ ಸಾಕು, ದೊಡ್ಡದು ಬೇಡ. ಅದನ್ನು ನಡುವೆ ಅಡ್ಡಲಾಗಿ ಎರಡು ಭಾಗ ಮಾಡಬೇಕು. ಜಾಲರಿ ಲೋಹದ್ದೇ ಆಗಿರಲಿ, ಪ್ಲಾಸ್ಟಿಕ್ಕನ್ನೂ ಮರದ ಚೌಕಟ್ಟನ್ನೂ ಒಂದೇ ರಾತ್ರಿಯಲ್ಲಿ ಕಡಿದು ದಾರಿ ಮಾಡುತ್ತವೆ. ಕಣ್ಣುಗಳು ಒಂದು ಸೆಂಟಿಮೀಟರಿಗಿಂತ ಚಿಕ್ಕವಿರಲಿ. ಕೆಳಗೆ ಗಾಜಿನ ತಳಕ್ಕೆ, ಮೇಲೆ ಮುಚ್ಚಳಕ್ಕೆ, ಪಕ್ಕಗಳಲ್ಲಿ ಗೋಡೆಗೆ ಅಂಟಿರಬೇಕು. ಇವು ತೋಡುವ ಪ್ರಾಣಿಗಳು, ಹಾಸಿನ ಅಡಿ ಒಂದೂವರೆ ಸೆಂಟಿಮೀಟರ್ ಸಂದು ಸಿಕ್ಕರೂ ರಾತ್ರಿ ಸುಮ್ಮನಿರುವುದಿಲ್ಲ. ಇಬ್ಬರೂ ಬೆಳೆದವರಾದರೆ ಒಂದು ಜಾಲರಿ ಸಾಲದು; ಒಂದು ಸೆಂಟಿಮೀಟರ್ ಅಂತರ ಬಿಟ್ಟು ಎರಡು ಹಾಕಿ. ಇಲ್ಲದಿದ್ದರೆ ಜಾಲರಿ ಹತ್ತಿದವಳ ಕಾಲ್ಬೆರಳನ್ನು ಇನ್ನೊಬ್ಬಳು ಕಚ್ಚುತ್ತಾಳೆ. ಎರಡೂ ಕಡೆ ತೆಳುವಾದ ಹಾಸು, ಒಣಹುಲ್ಲು, ನೀರಿನ ಬಾಟಲಿ, ಕಾಳು. ಚಕ್ರ, ಮನೆ, ಆಟಿಕೆ ಯಾವುದೂ ಬೇಡ. ಇದು ತನ್ನದು ಎಂದು ಕಾಯುವಂಥದ್ದು ಒಂದೂ ಇರಬಾರದು.

ಇಷ್ಟಾದ ಮೇಲೆ ಇರುವುದು ಜಾಗ ಬದಲಿಸುವ ಕೆಲಸ. ದಿನಕ್ಕೆ ಕಡಿಮೆಯೆಂದರೂ ಮೂರು ಸಲ ಈ ಕಡೆಯವಳನ್ನು ಆ ಕಡೆಗೆ, ಆ ಕಡೆಯವಳನ್ನು ಈ ಕಡೆಗೆ ಬಿಡಬೇಕು. ಹೋದವಳು ಇನ್ನೊಬ್ಬಳ ಗೂಡಿನಲ್ಲಿ, ಇನ್ನೊಬ್ಬಳ ಹಿಕ್ಕೆ ಮತ್ತು ಉಚ್ಚೆಯ ನಡುವೆ ಮಲಗಬೇಕು. ಆ ದಿನಗಳಲ್ಲಿ ತೊಟ್ಟಿ ತೊಳೆಯಬಾರದು. ವಾಸನೆ ಬೆರೆಯಲೆಂದೇ ಇಷ್ಟೆಲ್ಲ ಮಾಡಿ, ಮತ್ತೆ ಸೋಪು ಹಾಕಿ ತೊಳೆದರೆ ಮೊದಲಿಗೆ ಬಂದಂತೆ. ಇಬ್ಬರ ಮೈಗೂ ವೆನಿಲಾ ಎಸೆನ್ಸ್ ಹಚ್ಚಿದರೆ ಬೇಗ ಆಗುತ್ತದೆ ಎನ್ನುವವರಿದ್ದಾರೆ. ಅದು ಅವುಗಳ ವಾಸನೆಯನ್ನು ಒಂದೆರಡು ಗಂಟೆ ಮುಚ್ಚುತ್ತದೆ ಅಷ್ಟೇ. ಆರಿದ ಮೇಲೆ ಪರಕೀಯಳು ಪರಕೀಯಳೇ.

ಸಾಸಿವೆಯ ಜೊತೆ ನಾವು ಮತ್ತೆ ಪ್ರಯತ್ನಿಸಲಿಲ್ಲ. ರಕ್ತ ಬರುವಷ್ಟು ಜಗಳವಾದ ಎರಡು ಬೆಳೆದ ಹೆಣ್ಣುಗಳನ್ನು ಮತ್ತೆ ಕೂಡಿಸಹೊರಡುವುದು ಆ ಪ್ರಾಣಿಗಳ ಜೀವದ ಜೊತೆ ಆಟವಾಡಿದಂತೆ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಗಾಯ ಮಾಯ್ದ ಮೇಲೆ ಅವಳು ಬೀಜ ತೆಗೆಸಿದ ಒಂಟಿ ಗಂಡು ಇದ್ದ ಪರಿಚಿತರ ಮನೆ ಸೇರಿದಳು. ನಮ್ಮಲ್ಲಿಗೆ ಬಂದದ್ದು ಏಳು ವಾರದ ಜೀರಿಗೆ.

ಮೊದಲ ನಾಲ್ಕು ದಿನ ಗಸಗಸೆ ಜಾಲರಿಯನ್ನು ಹಲ್ಲಿನಿಂದ ಎಳೆದಳು, ಹಿಂಗಾಲಿನಿಂದ ತೊಟ್ಟಿಯ ನೆಲಕ್ಕೆ ಡಬ್ ಡಬ್ ಬಡಿದಳು. ಅದು ಅವರ ಎಚ್ಚರಿಕೆಯ ಗಂಟೆ. ಜೀರಿಗೆ ಆಚೆ ಮೂಲೆಯಲ್ಲಿ ಕುಗ್ಗಿ ಕೂತಿರುತ್ತಿದ್ದಳು. ಒಂಬತ್ತನೆಯ ದಿನದ ಹೊತ್ತಿಗೆ ಜಾಗ ಬದಲಿಸಿದಾಗ ಗಸಗಸೆ ಹುಡುಕಾಡದೆ ನೇರ ಜೀರಿಗೆಯ ಹುಲ್ಲಿನ ಗುಡ್ಡೆಗೆ ಹೋಗಿ ಮಲಗತೊಡಗಿದಳು. ಹದಿನಾಲ್ಕನೆಯ ದಿನ ಬೆಳಗ್ಗೆ ನೋಡಿದರೆ ಇಬ್ಬರೂ ತಮ್ಮ ಗೂಡುಗಳನ್ನು ಜಾಲರಿಯ ಬುಡಕ್ಕೆ ಎಳೆದು ತಂದಿದ್ದರು. ಜೀರಿಗೆಯ ಬೆನ್ನಿನ ಕೂದಲು ಜಾಲರಿಯ ಕಣ್ಣಿನಿಂದ ಈಚೆಗೆ ಇಣುಕುತ್ತಿತ್ತು, ಅದಕ್ಕೆ ಆತು ಗಸಗಸೆ ನಿದ್ದೆ ಹೋಗಿದ್ದಳು. ನಾನು ಕಾಯುತ್ತಿದ್ದ ಲಕ್ಷಣ ಅದೇ. ಆದರೂ ಇನ್ನೂ ಐದು ದಿನ ಬಿಟ್ಟೆ. ವಾರ, ಹತ್ತು ದಿನ ಸಾಕು ಎಂದು ಹೇಳುವುದುಂಟು. ಬೆಳೆದ ಹೆಣ್ಣು ಇರುವಲ್ಲಿ ಎರಡು ಮೂರು ವಾರಕ್ಕೆ ತಯಾರಾಗಿ ಇರುವುದು ಒಳ್ಳೆಯದು.

ಜಾಲರಿ ತೆಗೆಯುವುದಕ್ಕೆ ರಜೆಯ ದಿನ ಬೆಳಗ್ಗೆಯೇ ಸರಿ, ಇಡೀ ದಿನ ಪಕ್ಕದಲ್ಲಿ ಕೂರಬೇಕು. ತೋಟದ ಕೆಲಸದ ದಪ್ಪ ಕೈಗವಸು ಹಾಕಿಕೊಂಡು, ಕಸ ಬಾಚುವ ಪ್ಲಾಸ್ಟಿಕ್ ಮೊರವೊಂದನ್ನು ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ಎರಡೂ ಕಡೆಯ ಹಾಸನ್ನು ಕಲಸಿ, ಜಾಲರಿ ಎತ್ತಿ.

ಮೂಸುವುದು, ಒಬ್ಬರ ಮೇಲೊಬ್ಬರು ಹತ್ತುವುದು, ಸ್ವಲ್ಪ ಅಟ್ಟಾಡುವುದು, ಹಿಂಗಾಲಿನ ಮೇಲೆ ನಿಂತು ಕ್ಷಣಹೊತ್ತು ಮುಂಗೈ ಬೀಸುವುದು ಎಲ್ಲ ಇದ್ದದ್ದೇ. ಚಿಕ್ಕವಳು ಕುಂಯ್‌ಗುಡುತ್ತ ತಲೆ ತಗ್ಗಿಸಿ ದೊಡ್ಡವಳ ಬಾಯಿಯ ಕೆಳಗೆ ಹೋಗಿ ನಿಂತರೆ, ದೊಡ್ಡವಳು ಅದರ ತಲೆ ನೆಕ್ಕಿದರೆ ಕೆಲಸ ಮುಕ್ಕಾಲು ಆದಂತೆ. ಎಚ್ಚರವಾಗಬೇಕಾದ್ದು ಬೇರೆ ಲಕ್ಷಣಗಳಿಗೆ. ಮೈಕೂದಲು ನಿಮಿರಿ ಪ್ರಾಣಿ ಒಂದೂವರೆ ಪಟ್ಟು ದಪ್ಪ ಕಾಣುವುದು. ಬೆನ್ನು ಬಿಲ್ಲಾಗಿಸಿ, ಮುಖ ತೋರದೆ ಪಕ್ಕ ಪಕ್ಕಕ್ಕೆ ಹೆಜ್ಜೆಯಿಟ್ಟು ಹತ್ತಿರ ಬರುವುದು. ಹಲ್ಲು ಕಟಕಟಿಸುವುದು. ಎಲ್ಲಕ್ಕಿಂತ ಮುಖ್ಯವಾದದ್ದು, ಒಬ್ಬಳು ಇನ್ನೊಬ್ಬಳ ಪಕ್ಕೆಗೆ ತಲೆ ಒತ್ತಿ ಇಬ್ಬರೂ ಅಲುಗಾಡದೆ ನಿಲ್ಲುವುದು. ಗೊತ್ತಿಲ್ಲದವರಿಗೆ ಅದು ಮುದ್ದಾಡುವಂತೆ ಕಾಣುತ್ತದೆ. ಸಾಸಿವೆಯ ದಿನ ನಾನು ಟೀಗೆ ಏಳುವ ಮೊದಲು ಕೊನೆಯ ಸಲ ಕಂಡದ್ದು ಆ ಭಂಗಿಯನ್ನೇ. ಅದರ ಬೆನ್ನಿಗೆ ಉಂಡೆ ಜಗಳ. ಆ ಭಂಗಿ ಕಂಡ ಕ್ಷಣವೇ ನಡುವೆ ಮೊರ ಇಳಿಸಿ ಬೇರೆ ಮಾಡಿ, ಜಾಲರಿ ವಾಪಸು ಹಾಕಿ, ಇನ್ನೊಂದು ವಾರ ಮುಂದುವರಿಸಿ.

ಜಗಳಕ್ಕೆ ಬರಿಗೈ ಹಾಕಬೇಡಿ, ಕಚ್ಚಿದರೆ ಎಲುಬಿಗೆ ತಾಗುತ್ತದೆ. ಬಾಲ ಹಿಡಿದು ಎಳೆಯಲೂಬಾರದು, ಬಾಲದ ಚರ್ಮ ಕೈಗೆ ಕಳಚಿ ಬರುತ್ತದೆ, ಮತ್ತೆ ಬೆಳೆಯುವುದಿಲ್ಲ. ಬಿಡಿಸಿದ ಮೇಲೆ ಕೂದಲು ಸರಿಸಿ ಬಾಲದ ಬುಡ, ಹಿಂಭಾಗ, ಹೊಟ್ಟೆ ನೋಡಿ. ಸಣ್ಣ ತೂತಿನಂತೆ ಕಾಣುವ ಹಲ್ಲಿನ ಗಾಯ ಒಳಗೆ ಕೀವಾಗುತ್ತದೆ, ಅದನ್ನು ಪಶುವೈದ್ಯರಿಗೆ ತೋರಿಸಲೇಬೇಕು. ಕೆಲವು ಜರ್ಬಿಲ್‌ಗಳಿಗೆ ಗಾಬರಿಯಾದಾಗ ಫಿಟ್ಸ್ ಬರುತ್ತದೆ. ಕಿವಿ ಅದುರಿ ಮೈ ಸೆಟೆದರೆ ಮುಟ್ಟದೆ, ದೀಪ ಮಂದ ಮಾಡಿ ಬಿಡಿ. ಹೆಚ್ಚಾಗಿ ತಾನೇ ಸರಿಹೋಗುತ್ತದೆ.

ಒಂದೇ ಗೂಡಿನಲ್ಲಿ ಮಲಗುವವರೆಗೆ ಕಣ್ಣು ತೆಗೆಯಬಾರದು. ರಾತ್ರಿಯಾದರೂ ಮನಸ್ಸಿಗೆ ಧೈರ್ಯ ಬರದಿದ್ದರೆ ಜಾಲರಿ ಹಾಕಿ ಮಲಗಿ, ಬೆಳಗ್ಗೆ ಮತ್ತೆ ತೆಗೆಯಿರಿ. ಹಾಗೆ ಮಾಡಿದ್ದಕ್ಕೆ ಕಳೆದುಕೊಳ್ಳುವುದೇನಿಲ್ಲ. ಕೂಡಿಕೊಂಡ ಮೇಲೆ ಹಲವರು ಎಡವುವುದು ಜಾಗದಲ್ಲಿ. ಪಾಪ ಇಷ್ಟು ದಿನ ಇಕ್ಕಟ್ಟಿನಲ್ಲಿದ್ದವು ಎಂದು ಮರುದಿನವೇ ಎರಡು ಅಂತಸ್ತಿನ ದೊಡ್ಡ ಮನೆಗೆ ಬಿಡುತ್ತಾರೆ. ಅಲ್ಲಿ ಒಬ್ಬಳು ಮೇಲಿನ ಅಂತಸ್ತು ತನ್ನದೆನ್ನುತ್ತಾಳೆ, ಇನ್ನೊಬ್ಬಳು ಕೆಳಗಿನದು. ಎರಡು ವಾರ ಅದೇ ಸಣ್ಣ ತೊಟ್ಟಿಯಲ್ಲಿರಲಿ. ಆಮೇಲೆ ತುಸು ದೊಡ್ಡದು, ಹಳೆಯ ಹಾಸಿನ ಅರ್ಧವನ್ನು ಅದರಲ್ಲಿ ಸುರಿದು. ಸಾಮಾನನ್ನು ಒಂದೊಂದಾಗಿ ಸೇರಿಸಿ. ಮಲಗುವ ಮನೆಗೆ ಎರಡು ಬಾಗಿಲು ಇರಲಿ, ಒಂದೇ ಬಾಗಿಲಿದ್ದರೆ ಒಳಗಿನವಳು ಸಿಕ್ಕಿಬೀಳುತ್ತಾಳೆ.

ಇಷ್ಟೆಲ್ಲ ಮಾಡಿಯೂ ಆಗದೇ ಇರಬಹುದು. ನಾಲ್ಕೈದು ವಾರ ಕಳೆದರೂ ಜಾಲರಿಗೆ ಹಾರಿ ಬೀಳುತ್ತಿದ್ದರೆ ಬಿಟ್ಟುಬಿಡಿ. ಮೂರು ವರ್ಷ ದಾಟಿದ, ಮೆಲ್ಲಗಾದ ಅಜ್ಜಿಗೆ ಹೊಸ ಜೊತೆಯ ಹೋರಾಟವೇ ಬೇಡ ಎನಿಸುತ್ತದೆ ನನಗೆ. ಒಂಟಿಯಾಗಿರುವ ಜರ್ಬಿಲ್‌ಗೆ 25–30 ಸೆಂಟಿಮೀಟರ್ ಆಳದ ಹಾಸು ಕೊಡಿ, ತೋಡಲಿ. ಮರಳಿನ ಬಟ್ಟಲು ಇಡಿ, ಹೊರಳಾಡಲಿ. ಕಡಿಯಲು ರಟ್ಟು, ಹುಡುಕಿ ತಿನ್ನಲು ಹಾಸಿನಲ್ಲಿ ಚೆಲ್ಲಿದ ಕಾಳು, ದಿನಾ ಸಂಜೆ ನಿಮ್ಮ ತೋಳಿನ ಮೇಲೆ ಅರ್ಧ ಗಂಟೆ. ಕನ್ನಡಿ ಮಾತ್ರ ಇಡಬೇಡಿ.

ಜೀರಿಗೆ, ಗಸಗಸೆ ಹತ್ತೊಂಬತ್ತನೆಯ ದಿನ ಕೂಡಿಕೊಂಡರು. ಈಗ ಗಸಗಸೆಗೆ ಮೂರು ತುಂಬಿದೆ, ಮುಖದ ಕೂದಲು ಬೆಳ್ಳಗಾಗುತ್ತಿದೆ, ಜೀರಿಗೆಗೆ ಒಂದು ವರ್ಷದ ಮೇಲಾಯಿತು. ಲೆಕ್ಕ ಎಲ್ಲಿಗೆ ಹೋಗುತ್ತದೆಂದು ಮಗಳಿಗೂ ಗೊತ್ತು. ಹೊಸ ಮರಿ ತರುತ್ತ ಹೋದರೆ ಈ ಸರಪಳಿ ಮುಗಿಯುವುದಿಲ್ಲ. ತರದಿದ್ದರೆ ಜೀರಿಗೆ ಒಂಟಿ. ಮೊನ್ನೆ ಊಟದ ಹೊತ್ತಿಗೆ ಕೂತು ಮಾತಾಡಿದೆವು. ಗಸಗಸೆ ಹೋಗುವ ಹೊತ್ತಿಗೆ ಜೀರಿಗೆ ಎರಡು ವರ್ಷದೊಳಗಿದ್ದರೆ, ಬೀಜ ತೆಗೆಸಿದ ಗಂಡು ಎಲ್ಲಾದರೂ ಸಿಕ್ಕರೆ ನೋಡುವುದು, ಇಲ್ಲವಾದರೆ ಅವಳ ಜೊತೆ ಸಂಜೆ ಕೂರುವ ಪಾಳಿ ನಾವು ಮೂವರೂ ಹಂಚಿಕೊಳ್ಳುವುದು ಎಂದಾಯಿತು. ಜಾಲರಿಯನ್ನು ಮಗಳು ಬಿಸಿನೀರಿನಲ್ಲಿ ತೊಳೆದು, ಒರೆಸಿ, ಮೆಟ್ಟಿಲ ಕೆಳಗಿನ ಕಪಾಟಿನಲ್ಲಿ ನಿಲ್ಲಿಸಿದ್ದಾಳೆ.